ದೂರ ದೇಶದಲ್ಲಿ ಸೇವೆ ಮಾಡಿದ ಹೆತ್ತವರು: ಮಕ್ಕಳು ಸಲ್ಲಿಸಬೇಕಾದ ಗೌರವ ಯಾವುದು?

(ಮಿಷನ್ ಭಾನುವಾರದ ಚಿಂತನೆ)



ಅಕ್ಟೋಬರ್ ತಿಂಗಳು ಬಂದಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಕಾರ್ಯಗಳು ಜೊತೆಯಾಗಿ ನಡೆಯುತ್ತವೆ. ಸಂಜೆ ಮನೆಮನೆಗಳಲ್ಲಿ ಜಪಸರ ಪ್ರಾರ್ಥನೆ. ತಿಂಗಳ ಕೊನೆಯ ಭಾನುವಾರಕ್ಕೆ ಒಂದು ವಾರ ಮುಂಚೆ ಮಿಷನ್ ಭಾನುವಾರದ ಆಚರಣೆ. ಪೋಪ್ ಹನ್ನೊಂದನೆಯ ಪಿಯುಸ್‌ರವರು 1926ರಲ್ಲಿ ಸ್ಥಾಪಿಸಿದ ಈ ದಿನದಂದು ನಾವು ಲಕೋಟೆಯಲ್ಲಿ ಕಾಣಿಕೆ ಹಾಕುತ್ತೇವೆ. ಯಾವುದೋ ದೂರದ ನಾಡಿನಲ್ಲಿ ಸೇವೆ ಮಾಡುತ್ತಿರುವ ಗುರುಗಳಿಗಾಗಿ, ಕನ್ಯಾಸ್ತ್ರೀಯರಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಹಾಗೆ ದೂರ ಹೋದವರಿಗೆ ಮಕ್ಕಳಿದ್ದರೆ ಆ ಮಕ್ಕಳ ಪಾಲಿಗೆ ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ನಾವು ಹೆಚ್ಚಾಗಿ ಕೇಳಿಕೊಳ್ಳುವುದಿಲ್ಲ. ನಮಗೂ ಅದು ಹೊಳೆದಿರಲಿಲ್ಲ, ಒಂದು ಟ್ರಂಕಿನ ಮುಂದೆ ಕುಳಿತುಕೊಳ್ಳುವವರೆಗೆ.

ಒಂದು ಟ್ರಂಕಿನ ಕಥೆ

ನಮ್ಮ ಭಾಗದ ಒಂದು ಕುಟುಂಬ. ಗುರುತು ಬೇಡವೆಂದು ಊರಿನ ಹೆಸರನ್ನು ಬರೆಯುವುದಿಲ್ಲ. ತಂದೆತಾಯಿ ಇಬ್ಬರೂ ಶಿಕ್ಷಕರು. ಎಪ್ಪತ್ತರ ದಶಕದಲ್ಲಿ ಪೂರ್ವ ಆಫ್ರಿಕಾದ ಒಂದು ಮಿಷನ್ ಶಾಲೆಗೆ ಪಾಠ ಹೇಳಲು ಹೋದರು. ಎರಡು ಮೂರು ವರ್ಷವೆಂದು ಹೋದವರು ಬಹುಕಾಲ ಅಲ್ಲಿಯೇ ಉಳಿದರು. ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆದರು. ಹೆತ್ತವರು ವಯಸ್ಸಾದ ಮೇಲೆ ಊರಿಗೆ ಮರಳಿ, ಇಲ್ಲಿಯೇ ಒಬ್ಬರ ಹಿಂದೆ ಒಬ್ಬರು ಪ್ರಭುವಿನ ಸನ್ನಿಧಿ ಸೇರಿದರು.

ಮನೆ ಮಾರುವ ಮುಂಚೆ ಆಶೀರ್ವದಿಸಿ ಪ್ರಾರ್ಥನೆ ಮಾಡಬೇಕೆಂದು ಮಕ್ಕಳು ನಮ್ಮನ್ನು ಕರೆದಿದ್ದರು. ಪ್ರಾರ್ಥನೆ ಮುಗಿಯಿತು. ಹಿರಿಯ ಮಗಳು ಅಟ್ಟದಿಂದ ಇಳಿಸಿದ್ದ ಕಬ್ಬಿಣದ ಟ್ರಂಕನ್ನು ತೋರಿಸಿ, "ಫಾದರ್, ಅಪ್ಪ ಅಮ್ಮನ ಕಾಗದ, ಫೋಟೊ, ಡೈರಿ ಎಲ್ಲಾ ಇದರಲ್ಲಿವೆ. ಏನ್ ಮಾಡೋದು ಇವನ್ನ? ಸುಟ್ಟರೆ ಪಾಪ ಬರ್ತದಾ?" ಎಂದು ಕೇಳಿದರು. ತಮ್ಮನಾದವರು, "ಒಂದು ಒಳ್ಳೆ ಗ್ರಾನೈಟ್ ಕಲ್ಲು ಹಾಕಿಸಿ ಹೆಸರು ಬರೆಸೋಣ ಅಕ್ಕ, ಸಾಕು" ಎಂದರು. ಆಗ ಆ ಅಕ್ಕ ಹೇಳಿದ ಮಾತು ನಮ್ಮನ್ನು ಬಹಳ ದಿನ ಕಾಡಿತು: "ಕಲ್ಲು ಹಾಕಿಸೋಣ. ಆದ್ರೆ ಅದರ ಮೇಲೆ ಏನಂತ ಬರೆಸೋದು? ಅವರು ಅಲ್ಲಿನ ಮಕ್ಕಳಿಗೆಲ್ಲಾ ಅಪ್ಪ ಅಮ್ಮ ಆದ್ರು. ನಮಗೆ ರಜಕ್ಕೆ ಬರೋ ನೆಂಟರಾದ್ರು."

ನಾವು ಅಂದು ತಕ್ಷಣಕ್ಕೆ ಉತ್ತರ ಕೊಡಲಿಲ್ಲ. "ಸುಡಬೇಡಿ ಅಕ್ಕ, ಸ್ವಲ್ಪ ದಿನ ಇಟ್ಟುಕೊಳ್ಳಿ" ಎಂದಷ್ಟೇ ಹೇಳಿ ಬಂದೆವು. ಈ ಲೇಖನ ಅಂದು ಕೊಡಲಾಗದ ಉತ್ತರವೆಂದು ಓದುಗರು ತಿಳಿಯಬಹುದು.

ಆಜ್ಞೆ ಏನು ಹೇಳುತ್ತದೆ?

ದಶಾಜ್ಞೆಗಳಲ್ಲಿ ನಾಲ್ಕನೆಯದು ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆ. ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಇದನ್ನು ಬಾಯಿಪಾಠ ಮಾಡಿದ್ದೇವೆ. ಚಿಕ್ಕವರಿರುವಾಗ ಹೆತ್ತವರ ಮಾತು ಕೇಳುವುದೇ ಗೌರವ. ಅವರಿಗೆ ವಯಸ್ಸಾದಾಗ ನೋಡಿಕೊಳ್ಳುವುದು ಗೌರವ. ಅವರು ತೀರಿಹೋದ ಮೇಲೆ? ಆಗಲೂ ಈ ಆಜ್ಞೆಗೆ ಬಿಡುಗಡೆ ಇಲ್ಲ. ಅವರ ಆತ್ಮಶಾಂತಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ, ಸಮಾಧಿಗೆ ದೀಪ ಹಚ್ಚುತ್ತೇವೆ. ಅದು ಸರಿ. ಆದರೆ ಅವರು ಯಾವುದಕ್ಕಾಗಿ ಬದುಕಿದರೋ ಅದನ್ನು ಏನು ಮಾಡುತ್ತೇವೆ?

ಇಲ್ಲಿ ಎರಡು ತಪ್ಪುದಾರಿಗಳಿವೆ. ಒಂದು, ಎಲ್ಲವನ್ನೂ ಮರೆತುಬಿಡುವುದು. ಇನ್ನೊಂದು, ತಂದೆ ಮಾಡಿದ್ದನ್ನೇ ಮಗನೂ ಅಕ್ಷರಶಃ ಮಾಡಬೇಕು, ಇಲ್ಲದಿದ್ದರೆ ಹೆತ್ತವರ ಹೆಸರಿಗೆ ಕಳಂಕ ಎಂದು ಭಾವಿಸುವುದು. ಇವೆರಡರ ನಡುವೆ ಸರಿಯಾದ ದಾರಿಯೊಂದಿದೆ. ಅದನ್ನು ಕಾಣಲು ನಾವು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ ನಿಂತಿರುವ ಕಲ್ಲುಗಳೇ ಆ ದಾರಿಗೆ ಸಾಕ್ಷಿ!

ಬೆಂಗಳೂರಿನ ರೈಸ್ ಕುಟುಂಬ

ನಮ್ಮ ಕಥೋಲಿಕ ಧರ್ಮಸಭೆಯ ಮಿಷನರಿಗಳು ಹೆಚ್ಚಾಗಿ ಗುರುಗಳು, ಕನ್ಯಾಸ್ತ್ರೀಯರು. 1649ರಲ್ಲಿ ಮೈಸೂರು ಮಿಷನ್ ಆರಂಭಿಸಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರಿಂದ ಹಿಡಿದು, ಬಳಿಕ ಬಂದ ಫ್ರೆಂಚ್ ಗುರುಗಳವರೆಗೆ ಅವರಾರಿಗೂ ಸಂಸಾರವಿರಲಿಲ್ಲ. ಪ್ರೊಟೆಸ್ಟೆಂಟ್ ಸಭೆಗಳ ಮಿಷನರಿಗಳು ಕುಟುಂಬಸ್ಥರು. ಆದ್ದರಿಂದ ಮಿಷನರಿಗಳ ಮಕ್ಕಳ ಕಥೆಯನ್ನು ಅವರಲ್ಲಿಯೇ ಹುಡುಕಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತ ಐಕ್ಯದ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಇತರ ಸಭೆಗಳ ಸಹೋದರರಲ್ಲಿ ಪವಿತ್ರಾತ್ಮರು ಮಾಡಿದ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ನಮಗೆ ಕಲಿಸಿದೆ. ಆ ಸಂತೋಷದಿಂದಲೇ ಇದನ್ನು ಬರೆಯುತ್ತಿದ್ದೇವೆ.

ಬೆಂಜಮಿನ್ ರೈಸ್ ಎಂಬ ಇಂಗ್ಲಿಷ್ ಯುವಕ ಲಂಡನ್ ಮಿಷನ್ ವತಿಯಿಂದ 1837ರಲ್ಲಿ ಬೆಂಗಳೂರಿಗೆ ಬಂದರು. ಜೊತೆಗೆ ಅವರ ಪತ್ನಿ. ದಂಡಿನ ಇಂಗ್ಲಿಷರ ನಡುವೆ ಅಲ್ಲ, ಪೇಟೆಯ ಕನ್ನಡಿಗರ ನಡುವೆ ಅವರ ಕೆಲಸ. ಕನ್ನಡ ಕಲಿತರು, ಕನ್ನಡದಲ್ಲಿ ಬೋಧಿಸಿದರು, ಶಾಲೆಗಳನ್ನು ನಡೆಸಿದರು, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಕೈಜೋಡಿಸಿದರು. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎಂದು ಕೇಳುತ್ತಿದ್ದ ಕಾಲ ಅದು. 1840ರ ದಶಕದಲ್ಲಿಯೇ ಶ್ರೀಮತಿ ರೈಸ್ ಅವರು ಸಹಮಿಷನರಿಯ ಪತ್ನಿ ಶ್ರೀಮತಿ ಸೀವೆಲ್ ಅವರೊಂದಿಗೆ ಪೇಟೆಯಲ್ಲಿ ಕನ್ನಡ ಹೆಣ್ಣುಮಕ್ಕಳ ಶಾಲೆ ತೆರೆದರು. ಐವತ್ತು ವರ್ಷಗಳ ಸೇವೆಯ ಬಳಿಕ, 1887ರಲ್ಲಿ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿಯೇ ಕಣ್ಣುಮುಚ್ಚಿದರು. ಅವೆನ್ಯೂ ರಸ್ತೆಯ ಗದ್ದಲದಲ್ಲಿ ಇಂದಿಗೂ ನಿಂತಿರುವ ರೈಸ್ ಸ್ಮಾರಕ ದೇವಾಲಯ ಅವರ ಹೆಸರಿನದು.

ಹೆಸರಿಟ್ಟ ದೇವಾಲಯ ಒಂದು ಗೌರವ. ಆದರೆ ಅವರ ಮಕ್ಕಳು ಸಲ್ಲಿಸಿದ ಗೌರವ ಬೇರೆಯೇ ಬಗೆಯದು. ಇಬ್ಬರು ಮಕ್ಕಳು, ಎರಡು ದಾರಿ.

ತಂದೆಯ ದಾರಿ ಹಿಡಿದ ಮಗ

ಎಡ್ವರ್ಡ್ ರೈಸ್ ತಂದೆಯಂತೆಯೇ ಲಂಡನ್ ಮಿಷನ್ನಿನ ಮಿಷನರಿಯಾಗಿ ಕನ್ನಡ ನಾಡಿನಲ್ಲಿ ದುಡಿದರು. ತಂದೆ ತೀರಿಕೊಂಡ ಮೇಲೆ ಅವರ ಐವತ್ತು ವರ್ಷಗಳ ಸೇವೆಯನ್ನು ಕುರಿತು ಒಂದು ಜೀವನಚರಿತ್ರೆ ಬರೆದರು. ಮಗನೇ ಬರೆಯದಿದ್ದರೆ ಆ ದಿನಗಳ ಎಷ್ಟೋ ಸಂಗತಿಗಳು ಮಣ್ಣುಪಾಲಾಗುತ್ತಿದ್ದವು. ಅಷ್ಟಕ್ಕೆ ಅವರು ನಿಲ್ಲಲಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು, ಪಂಪನಿಂದ ವಚನಕಾರರು, ದಾಸರವರೆಗೆ ಈ ನಾಡಿನ ಕವಿಗಳನ್ನು ಹೊರಗಿನವರಿಗೆ ಪರಿಚಯಿಸಿದರು. 1921ರಲ್ಲಿ ಪರಿಷ್ಕೃತ ಮುದ್ರಣ ಕಂಡ ಆ ಚಿಕ್ಕ ಪುಸ್ತಕವನ್ನು ಕನ್ನಡ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ.

ಇದು ಮೊದಲನೆಯ ದಾರಿ: ಹೆತ್ತವರ ಕೆಲಸವನ್ನೇ ಮುಂದುವರಿಸುವುದು, ಅವರ ಕಥೆಯನ್ನು ಬರೆದಿಡುವುದು.

ಬೇರೆ ದಾರಿ ಹಿಡಿದ ಮಗ

ಬೆಂಜಮಿನ್ ಲೂಯಿಸ್ ರೈಸ್ ಎಂಬ ಮಗ ಹುಟ್ಟಿದ್ದು ಹೆತ್ತವರು ಈ ನಾಡಿಗೆ ಬಂದ 1837ರಲ್ಲಿಯೇ, ಬೆಂಗಳೂರಿನಲ್ಲಿ. ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಮರಳಿ ಬಂದರು. ಆದರೆ ಮಿಷನರಿಯಾಗಿ ಅಲ್ಲ! ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಂದರು. ಬಳಿಕ ಮೈಸೂರು ಮತ್ತು ಕೊಡಗಿನ ಶಾಲೆಗಳ ತನಿಖಾಧಿಕಾರಿಯಾದರು, ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ತಂದೆ ಪೇಟೆಯಲ್ಲಿ ಶಾಲೆ ನಡೆಸಿದರೆ, ಮಗ 1868ರಲ್ಲಿ ಪ್ರತಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನೇ ರೂಪಿಸಿದರು. ಪಟ್ಟಣ ಕಾಣದ ಹಳ್ಳಿಯ ಹುಡುಗನಿಗೂ ತನ್ನ ಭಾಷೆಯಲ್ಲಿ ಓದು ಸಿಗಬೇಕೆಂಬುದು ಅದರ ಉದ್ದೇಶ. ಇದು ಯಾರ ಮನೆಯ ಪಾಠವೆಂದು ಬಿಡಿಸಿ ಹೇಳಬೇಕೇ?

ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಊರೂರು ತಿರುಗುವಾಗ ಅವರ ಕಣ್ಣಿಗೆ ಬಿದ್ದದ್ದು ಕಲ್ಲುಗಳು. ಗುಡಿಯ ಅಂಗಳದಲ್ಲಿ, ಕೆರೆಯ ಕೋಡಿಯಲ್ಲಿ, ಬೇಲಿಯ ಮರೆಯಲ್ಲಿ ನಿಂತ ಶಾಸನಗಳು. ಊರಿಗಾಗಿ ಪ್ರಾಣಕೊಟ್ಟವನ ವೀರಗಲ್ಲು, ಕೆರೆಗೆ ಭೂಮಿ ಬಿಟ್ಟವರ ದಾನಶಾಸನ. ಅವುಗಳ ಹಳಗನ್ನಡ ಊರಿನವರಿಗೂ ಓದಲು ಬಾರದಾಗಿತ್ತು. ಮೇಜರ್ ಡಿಕ್ಸನ್ ಎಂಬವರು 1865ರಲ್ಲಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದುವ ಕೆಲಸ ರೈಸರಿಗೆ ಬಂತು. ಕನ್ನಡ ಪಂಡಿತರ ನೆರವಿನಿಂದ ಓದಿ, ಅನುವಾದಿಸಿ, 1879ರಲ್ಲಿ ಮೈಸೂರು ಶಾಸನಗಳ ಪುಸ್ತಕ ಹೊರತಂದರು. ಅಲ್ಲಿಂದ ಆರಂಭವಾದ ದುಡಿಮೆ ಸುಮಾರು 9000 ಶಾಸನಗಳವರೆಗೆ ಬೆಳೆಯಿತು. 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನಲ್ಲಿ ಹನ್ನೆರಡು ಸಂಪುಟಗಳು ಬೆಳಕು ಕಂಡವು. ಪಂಪಭಾರತ, ಪಂಪರಾಮಾಯಣದಂತಹ ಹಳೆಯ ಕಾವ್ಯಗಳನ್ನೂ ತಾಳೆಗರಿಯಿಂದ ಅಚ್ಚಿಗೆ ತಂದರು. ನಮ್ಮ ನೆರೆಯ ಮೊಳಕಾಲ್ಮೂರಿನ ಬಂಡೆಗಳ ಮೇಲಿದ್ದ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಲೋಕಕ್ಕೆ ತಿಳಿಸಿದವರೂ ಅವರೇ. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು, 1927ರಲ್ಲಿ ಅಲ್ಲಿ ತೀರಿಕೊಂಡರು.

ನಮ್ಮ ತಾಲ್ಲೂಕುಗಳಿಗೂ ಇದಕ್ಕೂ ಏನು ನಂಟು? ಆ ಸಂಪುಟಗಳನ್ನು ತೆರೆದು ನೋಡಬೇಕು. ಆಗಿನ್ನೂ ದಾವಣಗೆರೆ ಜಿಲ್ಲೆ ಇರಲಿಲ್ಲ, ಅದಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಅವುಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ. ನ್ಯಾಮತಿ ಈಚೆಗೆ ತಾಲ್ಲೂಕಾಗುವವರೆಗೆ ಹೊನ್ನಾಳಿಯ ಭಾಗವಾಗಿತ್ತು. ಬೆಳಗುತ್ತಿಯಲ್ಲಿ ಆಳಿದ ಸಿಂದ ಅರಸರ ಕಲ್ಲುಗಳನ್ನು ಹೊನ್ನಾಳಿಯ ಹೆಸರಿನಡಿಯಲ್ಲೇ ಹುಡುಕಬೇಕು. ಜಗಳೂರು ಚಿತ್ರದುರ್ಗ ಜಿಲ್ಲೆಯದು. ಅದರ ಶಾಸನಗಳು 1903ರ ಹನ್ನೊಂದನೆಯ ಸಂಪುಟದಲ್ಲಿವೆ. ವಿದ್ವಾಂಸರು ಇಂದಿಗೂ ಒಂದು ಶಾಸನವನ್ನು ಹೆಸರಿಸುವಾಗ ಸಂಪುಟದ ಸಂಖ್ಯೆ, ನಮ್ಮ ತಾಲ್ಲೂಕಿನ ಹೆಸರು, ಕಲ್ಲಿನ ಸಂಖ್ಯೆ ಎಂದು ಬರೆಯುತ್ತಾರೆ.

ಸ್ವಲ್ಪ ಯೋಚಿಸಿರಿ. ದೂರದೇಶದಿಂದ ಬಂದ ಒಬ್ಬ ಮಿಷನರಿಯ ಮಗ, ನಮ್ಮೂರಿನ ಜನರ ಹಿರಿಯರ ಹೆಸರುಗಳನ್ನು ಅಳಿಯದಂತೆ ಉಳಿಸಿಕೊಟ್ಟರು! ತಂದೆಯ ಬೋಧನಾಪೀಠವನ್ನು ಅವರು ಏರಲಿಲ್ಲ ನಿಜ. ಆದರೆ ತಂದೆ ಯಾವ ಜನರನ್ನು, ಯಾವ ಭಾಷೆಯನ್ನು ಪ್ರೀತಿಸಿದರೋ ಅವನ್ನೇ ತಾವೂ ಪ್ರೀತಿಸಿದರು. ಒಬ್ಬ ಮಗ ತಂದೆಯ ಕೆಲಸವನ್ನು ಮುಂದುವರಿಸಿದರು. ಇನ್ನೊಬ್ಬರು ತಂದೆಯ ಪ್ರೀತಿಯನ್ನು ಮುಂದುವರಿಸಿದರು. ಎರಡೂ ಗೌರವವೇ.

ಬೆಲೆ ತೆತ್ತವರು ಯಾರು?

ಇಷ್ಟು ಹೇಳಿ ಮುಗಿಸಿದರೆ ಆ ಟ್ರಂಕಿನ ಮುಂದೆ ಕುಳಿತಿದ್ದ ಅಕ್ಕನಿಗೆ ನಾವು ಅನ್ಯಾಯ ಮಾಡಿದಂತೆ. ಮಿಷನರಿಯ ತ್ಯಾಗದ ಬಗ್ಗೆ ನಾವು ಪ್ರಬೋಧನೆ ಮಾಡುತ್ತೇವೆ. ಆ ತ್ಯಾಗದ ಒಂದು ಪಾಲನ್ನು ಮಕ್ಕಳು ತೆತ್ತಿರುತ್ತಾರೆ. ಆದರೆ ತೆರುತ್ತೀಯಾ ಎಂದು ಅವರನ್ನು ಯಾರೂ ಕೇಳಿರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಿಷನರಿ ಮನೆಗಳಲ್ಲಿ ಮಕ್ಕಳನ್ನು ಓದಿಗಾಗಿ ತಾಯ್ನಾಡಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗು ಆಫ್ರಿಕಾವನ್ನು ಸುತ್ತಿ ತಿಂಗಳುಗಟ್ಟಲೆ ಸಾಗಬೇಕಿತ್ತು. ಹಾಗೆ ಹೋದ ಮಗು ಮತ್ತೆ ತಾಯಿಯ ಮುಖ ಕಾಣುವುದು ಎಷ್ಟೋ ವರ್ಷಗಳ ಬಳಿಕ. ನಮ್ಮ ಕುಟುಂಬಗಳಲ್ಲಿಯೂ ಇದು ಬೇರೆ ರೂಪದಲ್ಲಿ ನಡೆದಿದೆ. ಊರೂರು ಸುತ್ತುತ್ತಿದ್ದ ಉಪದೇಶಿಯ ಮಕ್ಕಳನ್ನು ಕೇಳಿರಿ. ರಾತ್ರಿ ಹಗಲೆನ್ನದೆ ಮಿಷನ್ ಆಸ್ಪತ್ರೆಯಲ್ಲಿ ದುಡಿದ ನರ್ಸಮ್ಮನ ಮಕ್ಕಳನ್ನು ಕೇಳಿರಿ. "ಹಬ್ಬದ ದಿನ ಅಪ್ಪ ಎಲ್ಲರ ಮನೆಯಲ್ಲೂ ಇರುತ್ತಿದ್ದರು, ನಮ್ಮ ಮನೆಯಲ್ಲಿ ಮಾತ್ರ ಇರುತ್ತಿರಲಿಲ್ಲ" ಎಂಬ ಮಾತು ನಮಗೆ ಹೊಸದಲ್ಲ.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಪ್ರಭು ಯೇಸು ಫರಿಸಾಯರನ್ನು ಕಟುವಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ತಂದೆತಾಯಿಗೆ ಸಲ್ಲಬೇಕಾದ ನೆರವನ್ನು 'ಕೊರ್ಬಾನ್' ಎಂದು, ಅಂದರೆ ದೇವರಿಗೆ ಮುಡಿಪಾದ ಕಾಣಿಕೆಯೆಂದು ಘೋಷಿಸಿ ಜಾರಿಕೊಳ್ಳುವುದನ್ನು ಅವರು ಒಪ್ಪುವುದಿಲ್ಲ. ದೇವರ ಹೆಸರಿನಲ್ಲಿ ಮನೆಯವರ ಪಾಲನ್ನು ಕಸಿಯಬಾರದೆಂಬುದು ಅದರ ತಿರುಳು. ಈ ಮಾತು ಮಕ್ಕಳಿಗೆ ಅನ್ವಯಿಸುವಂತೆ ಹೆತ್ತವರಿಗೂ, ನಮ್ಮಂಥ ಗುರುಗಳಿಗೂ ಅನ್ವಯಿಸುತ್ತದೆ. ಉಪದೇಶಿಯನ್ನು ಕೆಲಸಕ್ಕೆ ಕಳುಹಿಸುವಾಗ ಅವರ ಮನೆಯಲ್ಲಿ ಮಕ್ಕಳಿವೆಯೆಂದು ನಾವು ಎಷ್ಟು ಸಲ ನೆನೆದಿದ್ದೇವೆ? ಇದು ನಮ್ಮ ಆತ್ಮಶೋಧನೆಗೆ ಬಿಟ್ಟ ಪ್ರಶ್ನೆ.

ಆದ್ದರಿಂದ ಹೆತ್ತವರನ್ನು ಗೌರವಿಸುವುದೆಂದರೆ ಅವರಿಂದ ನೋವಾಗಿಲ್ಲವೆಂದು ನಟಿಸುವುದಲ್ಲ. ಆಜ್ಞೆಯು ಸುಳ್ಳು ಹೇಳಲು ಹೇಳುವುದಿಲ್ಲ. ನೋವನ್ನು ನೋವೆಂದು ದೇವರ ಮುಂದೆ ಹೇಳಿ, ನಿಧಾನವಾಗಿ ಕ್ಷಮಿಸುವುದೂ ಗೌರವದ ಒಂದು ಭಾಗ.

ಸತ್ಯವಿಲ್ಲದ ಗೌರವ ಬೇಡ

ಇದರ ಜೊತೆಗೆ ಇನ್ನೊಂದು ಮಾತು. ಮಿಷನರಿಗಳು ಬಂದದ್ದು ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ. ಅವರಲ್ಲಿ ಕೆಲವರು ಈ ನಾಡಿನ ಜನರ ನಂಬಿಕೆಗಳನ್ನು ತಿಳಿಯದೆ ಹಗುರವಾಗಿ ಮಾತನಾಡಿದ್ದೂ ಉಂಟು. ಬಿ. ಎಲ್. ರೈಸರ ಸಂಪುಟಗಳ ಹಿಂದೆ ಬಿಸಿಲಿನಲ್ಲಿ ಕಲ್ಲು ತೊಳೆದು, ಅಕ್ಷರ ಬಿಡಿಸಿ, ನಕಲು ಮಾಡಿದ ನಮ್ಮ ಪಂಡಿತರ ಬೆವರಿದೆ. ರೈಸರ ಹೆಸರು ಎಲ್ಲರಿಗೂ ಗೊತ್ತು, ಆ ಪಂಡಿತರ ಹೆಸರು ಗೊತ್ತಿರುವವರು ಕಡಿಮೆ. ಅಂತೆಯೇ ಕಾಲ ಕಳೆದಂತೆ ರೈಸರ ಓದಿನಲ್ಲಿ ತಪ್ಪುಗಳೂ ಕಂಡವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತರತೊಡಗಿತು. ತಿದ್ದಿದವರು ರೈಸರನ್ನು ಅವಮಾನಿಸಲಿಲ್ಲ. ಅವರ ಕೆಲಸವನ್ನು ಬೆಲೆಯುಳ್ಳದ್ದೆಂದು ತಿಳಿದಿದ್ದರಿಂದಲೇ ತಿದ್ದಿದರು. ಹೆತ್ತವರ ಪರಂಪರೆಯನ್ನೂ ಹಾಗೆಯೇ ನೋಡಬೇಕು. ಪೂಜೆಗಿಟ್ಟ ವಿಗ್ರಹದಂತೆ ಅಲ್ಲ, ಉಳುವ ಹೊಲದಂತೆ. ಕಳೆ ಕೀಳಬೇಕು, ಬೆಳೆ ಉಳಿಸಬೇಕು.

ಮನೆಯೇ ಮೊದಲ ಮಿಷನ್

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರು ಹಿಡಿದು ನೆನೆಯುತ್ತಾರೆ. ತಿಮೊಥೇಯನಲ್ಲಿರುವ ವಿಶ್ವಾಸ ಮೊದಲು ಆ ಇಬ್ಬರು ತಾಯಂದಿರಲ್ಲಿ ನೆಲೆಸಿತ್ತೆಂದು ಹೇಳುತ್ತಾರೆ. ಊರೂರು ಅಲೆದ ಮಹಾ ಪ್ರೇಷಿತರಿಗೂ ವಿಶ್ವಾಸದ ಬೇರು ಅಡುಗೆಮನೆಯಲ್ಲಿದೆಯೆಂದು ತಿಳಿದಿತ್ತು.

ಈ ತಿಂಗಳ ಮೊದಲನೆಯ ದಿನ ನಾವು ಆಚರಿಸುವ ಬಾಲಯೇಸುವಿನ ಸಂತ ತೆರೇಸಾರವರನ್ನು ನೋಡಿರಿ. 1927ರಲ್ಲಿ ಧರ್ಮಸಭೆ ಅವರನ್ನು ಮಿಷನ್ ಕಾರ್ಯಗಳ ಪಾಲಕಿಯೆಂದು ಘೋಷಿಸಿತು. ಆದರೆ ಅವರು ಹದಿನೈದನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠವನ್ನು ಸೇರಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಲ್ಲಿಯೇ ಮರಣಹೊಂದಿದರು. ಒಂದು ಮಿಷನ್ ದೇಶವನ್ನೂ ಕಣ್ಣಾರೆ ಕಾಣಲಿಲ್ಲ! ಅವರ ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸಗಾರ, ತಾಯಿ ಝೆಲಿ ಲೇಸ್ ಹೆಣೆಯುವಾಕೆ. ಮಿಷನರಿಯಾಗುವ ಮಗನೊಬ್ಬ ಹುಟ್ಟಲೆಂದು ಅವರು ಪ್ರಾರ್ಥಿಸುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ಉಳಿದವರು ಐವರು ಹೆಣ್ಣುಮಕ್ಕಳು. ಹೆತ್ತವರು ಬಯಸಿದ್ದು ದೊರೆಯಲಿಲ್ಲ. ಬೇರೆ ರೂಪದಲ್ಲಿ ನೂರ್ಮಡಿಯಾಗಿ ದೊರೆಯಿತು. 2015ರ ಅಕ್ಟೋಬರ್ 18ರಂದು, ಮಿಷನ್ ಭಾನುವಾರದ ದಿನವೇ, ಪೋಪ್ ಫ್ರಾನ್ಸಿಸ್‌ರವರು ಆ ದಂಪತಿಯನ್ನು ಸಂತರೆಂದು ಘೋಷಿಸಿದರು. ಮಕ್ಕಳು ನಮ್ಮ ನಕಲಾಗಬೇಕಿಲ್ಲ; ನಮ್ಮ ಪ್ರಾರ್ಥನೆ ಅವರಲ್ಲಿ ಯಾವ ರೂಪ ತಾಳುತ್ತದೆಂಬುದು ದೇವರಿಗೆ ಬಿಟ್ಟದ್ದು.

ಹಾಗಾದರೆ ನಾವೇನು ಮಾಡಬೇಕು?

ಉಪದೇಶಿ, ಶಿಕ್ಷಕ, ನರ್ಸ್, ಮಿಷನರಿ ಯಾರೇ ಆಗಿರಲಿ, ಹಾಗೆ ಸೇವೆ ಮಾಡಿದ ಹಿರಿಯರಿದ್ದ ಮನೆಗಳಿಗೆ ನಮ್ಮ ಕೆಲವು ಸಲಹೆಗಳು:

ಮೊದಲನೆಯದಾಗಿ, ಸುಡಬೇಡಿ, ತೂಕಕ್ಕೆ ಹಾಕಬೇಡಿ. ಪತ್ರ, ಡೈರಿಗಳನ್ನು ಗೆದ್ದಲು ಮುಟ್ಟದ, ತೇವ ತಾಗದ ಜಾಗದಲ್ಲಿಡಿ. ಫೋಟೊಗಳ ಹಿಂದೆ ಅದರಲ್ಲಿರುವವರ ಹೆಸರು, ಊರು, ವರ್ಷಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು. ಇಂದು ಮೊಬೈಲಿನಲ್ಲಿ ಪ್ರತಿ ತೆಗೆದಿಡುವುದು ಸುಲಭ. ಒಂದು ಪ್ರತಿಯನ್ನು ಧರ್ಮಕೇಂದ್ರದ ಗುರುಗಳಿಗೆ ಒಪ್ಪಿಸಿರಿ. ಬೇರೆಯವರ ಮನೆಯ ಗುಟ್ಟುಗಳಿರುವ ಕಾಗದಗಳನ್ನು ಮಾತ್ರ ಹೊರಗೆ ತರಬೇಡಿ.

ಎರಡನೆಯದಾಗಿ, ಎಡ್ವರ್ಡ್ ರೈಸರಂತೆ ಬರೆಯಿರಿ. ಪುಸ್ತಕವೇ ಆಗಬೇಕಿಲ್ಲ. ಶಾಲೆಯ ನೋಟ್ ಪುಸ್ತಕದಲ್ಲಿ ಹತ್ತು ಪುಟ ಸಾಕು. ಎಲ್ಲಿಗೆ ಹೋದರು, ಯಾರಿಗೆ ಏನು ಮಾಡಿದರು, ಏನು ಕಷ್ಟಪಟ್ಟರು, ಎಲ್ಲಿ ಎಡವಿದರು, ಎಲ್ಲವನ್ನೂ ಬರೆಯಿರಿ.

ಮೂರನೆಯದಾಗಿ, ಅವರು ಪ್ರೀತಿಸಿದ್ದನ್ನು ನಿಮ್ಮ ಉದ್ಯೋಗದಲ್ಲಿಯೇ ಪ್ರೀತಿಸಿರಿ. ತಂದೆ ಬಡಮಕ್ಕಳಿಗೆ ಪಾಠ ಹೇಳಿದ್ದರೆ, ಬ್ಯಾಂಕಿನಲ್ಲಿರುವ ಮಗ ಒಂದು ಮಗುವಿನ ಓದಿನ ಖರ್ಚು ಹೊರಬಹುದು. ತಾಯಿ ರೋಗಿಗಳ ಸೇವೆ ಮಾಡಿದ್ದರೆ, ಮಗಳು ಪಕ್ಕದ ಬೀದಿಯ ಹಾಸಿಗೆ ಹಿಡಿದ ಅಜ್ಜಿಯನ್ನು ವಾರಕ್ಕೊಮ್ಮೆ ನೋಡಿಬರಬಹುದು.

ನಾಲ್ಕನೆಯದಾಗಿ, ನಮ್ಮಲ್ಲಿಗೆ ಬಂದವರನ್ನೂ ನೆನೆಯಿರಿ. 1988ರಲ್ಲಿ ಸ್ಥಾಪನೆಯಾದ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ ಮಂಗಳೂರು, ಕೇರಳ, ತಮಿಳುನಾಡು ಮುಂತಾದ ಕಡೆಗಳಿಂದ ಬಂದ ಎಷ್ಟೋ ಗುರುಗಳು, ಕನ್ಯಾಸ್ತ್ರೀಯರು ದುಡಿದಿದ್ದಾರೆ. ಅವರ ಹೆತ್ತವರೂ ಮಗನನ್ನು, ಮಗಳನ್ನು ನಮಗಾಗಿ ಬಿಟ್ಟುಕೊಟ್ಟವರೇ. ಮಿಷನ್ ಭಾನುವಾರದ ಬಲಿಪೂಜೆಯಲ್ಲಿ ಅವರಿಗಾಗಿಯೂ ಒಂದು ಪ್ರಾರ್ಥನೆ ಇರಲಿ.

ಕೊನೆಯದಾಗಿ, ಮಿಷನ್ ಭಾನುವಾರ ಕಳೆದ ಕೆಲವೇ ದಿನಗಳಿಗೆ ನವೆಂಬರ್ 2, ಸಕಲ ಮೃತರ ಸ್ಮರಣೆ. ಅಂದು ಸಮಾಧಿಗೆ ಹೂವು, ಮೇಣದಬತ್ತಿ ಒಯ್ಯುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಅಲ್ಲಿ ನಿಂತು ಅವರ ಬದುಕಿನ ಒಂದು ಘಟನೆಯನ್ನು ಹೇಳಿರಿ. ಮನಸ್ಸಿನಲ್ಲಿ ಮುನಿಸು ಉಳಿದಿದ್ದರೆ, ಅದನ್ನೂ ಅಲ್ಲಿಯೇ ಪ್ರಭುವಿನ ಪಾದದಲ್ಲಿಡಿ.

ಟ್ರಂಕಿನಲ್ಲಿದ್ದ ದಾರಗಳು

ಆ ಅಕ್ಕ ಟ್ರಂಕನ್ನು ಸುಡಲಿಲ್ಲ. ಕೆಲವು ತಿಂಗಳ ಬಳಿಕ ನಮಗೆ ಫೋನ್ ಮಾಡಿದರು. ಕಾಗದಗಳ ಅಡಿಯಲ್ಲಿ ಒಂದು ಹಳೆಯ ಏರ್‌ಮೇಲ್ ಲಕೋಟೆ, ಅದರ ತುಂಬ ಗಂಟು ಹಾಕಿದ ಬಿಳಿ ದಾರದ ತುಂಡುಗಳು. ಪ್ರತಿ ತುಂಡಿಗೂ ಒಂದು ಚೀಟಿ. ಚೀಟಿಯಲ್ಲಿ ಮಗುವಿನ ಹೆಸರು, ವರ್ಷ. ಅಕ್ಷರ ಬಾರದ ಅಜ್ಜಿ ಪ್ರತಿ ವರ್ಷ ಮೊಮ್ಮಕ್ಕಳ ಎತ್ತರಕ್ಕೆ ದಾರ ಹಿಡಿದು, ಪಕ್ಕದ ಮನೆಯ ಹುಡುಗನಿಂದ ಚೀಟಿ ಬರೆಸಿ ಕಳುಹಿಸುತ್ತಿದ್ದರಂತೆ. ಆ ಅಳತೆಗೆ ಸರಿಯಾಗಿ ತಾಯಿ ಅಲ್ಲಿ ಕ್ರಿಸ್ಮಸ್ಸಿನ ಬಟ್ಟೆ ಹೊಲಿಸಿ ಕಳುಹಿಸುತ್ತಿದ್ದರು. "ಬಟ್ಟೆ ಯಾವಾಗ್ಲೂ ಸರಿಯಾಗಿ ಹಿಡೀತಿತ್ತು ಫಾದರ್. ಹೆಂಗೆ ಅಂತ ಯಾವತ್ತೂ ಯೋಚನೆ ಮಾಡಿರ್ಲಿಲ್ಲ" ಎಂದರು.

ಕೋಪವೆಲ್ಲ ಹ�ೋಯಿತೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. "ಫೋಟೊಗಳ ಹಿಂದೆ ಹೆಸರು ಬರೀತಾ ಇದೀನಿ" ಎಂದಷ್ಟೇ ಹೇಳಿದರು. ಅಷ್ಟು ಸಾಕು. ನಾಲ್ಕನೆಯ ಆಜ್ಞೆ ಅಲ್ಲಿಂದಲೇ ಆರಂಭವಾಗಬಹುದು.

ಪ್ರಾರ್ಥಿಸೋಣ: ತಂದೆಯಾದ ದೇವರೇ, ನಿಮ್ಮ ಹೆಸರಿಗಾಗಿ ಮನೆಬಿಟ್ಟು ದೂರ ಹೋದ ಎಲ್ಲ ಹೆತ್ತವರಿಗೆ ನಿತ್ಯಶಾಂತಿಯನ್ನು ದಯಪಾಲಿಸಿರಿ. ಅವರಿಗಾಗಿ ಕಾದು ಬೆಳೆದ ಮಕ್ಕಳ ಮನಸ್ಸಿನ ಗಾಯಗಳನ್ನು ಮಾಯಿಸಿರಿ. ಅವರು ಪ್ರೀತಿಸಿದ್ದನ್ನು ನಮ್ಮ ನಮ್ಮ ಕೆಲಸಗಳಲ್ಲಿ, ನಮ್ಮ ನಮ್ಮ ಊರುಗಳಲ್ಲಿ ಪ್ರೀತಿಸುವ ವರವನ್ನು ನಮಗೆ ನೀಡಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.